ಹೊಂಡದ ನೀರು ಹಸಿರಾದರೆ

ಅಕ್ಕಾ, ಹಿತ್ತಲ ಹೊಂಡದಲ್ಲಿ ಮೀನು ಬಿಟ್ಟಿದ್ದೀರೇನು? ಹಂಗಾದರೆ ದಿನಾ ನಸುಕಿನಲ್ಲಿ ಒಮ್ಮೆ ಹೋಗಿ ನೋಡಿರಿ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆಯೇ? ಅದು ಹಸಿವೆ ಅಲ್ಲ. ಅವಕ್ಕೆ ಉಸಿರು ಕಟ್ಟಿದೆ.

ನೀರು ದಟ್ಟ ಹಸಿರಾಗಿದ್ದರೆ ಇದು ಪಾಚಿಯ ಕೆಲಸ. ಪಾಚಿ ಹಗಲು ಬಿಸಿಲಿನಲ್ಲಿ ನೀರಿಗೆ ಪ್ರಾಣವಾಯು ಬಿಡುತ್ತದೆ. ರಾತ್ರಿ ಬಿಡೋದಿಲ್ಲ. ತಾನೇ ಎಳೆದುಕೊಳ್ಳುತ್ತದೆ. ಬೆಳಗಾಗುವ ಹೊತ್ತಿಗೆ ಮೀನಿಗೆ ಸಾಲದಾಗುತ್ತದೆ.

ನಮ್ಮ ಆದಿತ್ಯನಗರ, ಸೇಡಂ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ಹೊಂಡದ ನೀರು ಇಳಿಯುತ್ತದೆ, ಕಾಯುತ್ತದೆ. ಅದರಲ್ಲಿ ಹೆಂಡಿ ಹೆಚ್ಚು ಬಿದ್ದರೆ, ತವಡು ಉಳಿದು ಕೊಳೆತರೆ ಪಾಚಿಗೆ ಹಬ್ಬ!

ಹಂಗಂತ ಎಲ್ಲಾ ಪಾಚಿ ತೆಗೆಯಬಾರದು. ಬೆಳ್ಳಿಗೆಂಡೆ ಮೀನು ಅದನ್ನೇ ತಿಂದು ಬೆಳೆಯುತ್ತದೆ. ಎಷ್ಟಿರಬೇಕು? ಕೈಯಿಂದ ಅಳೆಯಿರಿ. ಮೊಣಕೈತನಕ ಕೈಯನ್ನು ನೀರಿಗೆ ಇಳಿಬಿಡಿರಿ. ಮೊಣಕೈ ಮುಳುಗುವ ಮೊದಲೇ ಅಂಗೈ ಕಾಣದಾದರೆ ಪಾಚಿ ಅತಿಯಾಯಿತು. ಮಳೆಯ ರಾಡಿ ನೀರಿಗೆ ಈ ಅಳತೆ ನಡೆಯೋದಿಲ್ಲ.

ಅತಿಯಾದರೆ ಹೆಂಡಿ ಹಾಕೋದು ನಿಲ್ಲಿಸಿರಿ. ತವಡು ಕಡಿಮೆ ಮಾಡಿರಿ. ಕೂದಲಂಥ ಪಾಚಿಯನ್ನು ಕೋಲಿಗೆ ಸುತ್ತಿ ಎಳೆಯಿರಿ. ನಾಲ್ಕಾರು ಕೊಡ ಹಸಿರು ನೀರು ತೆಗೆದು ಬದನೆ, ಮೆಣಸಿನ ಗಿಡಕ್ಕೆ ಹಾಕಿರಿ. ಗಿಡಕ್ಕೆ ಅದು ಗೊಬ್ಬರ. ಆಮೇಲೆ ಹೊಸ ನೀರನ್ನು ಎತ್ತರದಿಂದ ಸುರಿಯಿರಿ. ಗಾಳಿಯೂ ಸೇರುತ್ತದೆ. ನಳದ ನೀರಿನಲ್ಲಿ ಔಷಧದ ವಾಸನೆ ಇದ್ದರೆ ಒಂದು ದಿನ ಬಾಯಿ ತೆರೆದ ಪಾತ್ರೆಯಲ್ಲಿಟ್ಟು ಸುರಿಯಿರಿ.

ಮೈಲುತುತ್ತ ಹಾಕಿರಿ ಎಂದು ಯಾರಾದರೂ ಹೇಳಿಯಾರು. ನಾವು ಬೇಡ ಅನ್ನುತ್ತೇವೆ. ಅಳತೆ ತಪ್ಪಿದರೆ ಅದು ಮೀನಿಗೇ ವಿಷ. ಪಾಚಿ ಒಮ್ಮೆಲೇ ಸತ್ತು ಕೊಳೆತರೂ ಮೀನಿಗೆ ಉಸಿರು ಕಟ್ಟುತ್ತದೆ.