ಭಾಗವತರ ಪೀಠದಲ್ಲಿ ಲೀಲಾವತಿ ಬೈಪಾಡಿತ್ತಾಯ



ತೋಲ್ಪೆಟ್ಟಿ, ಕುಟ್ಟದ ಕಡೆಯ ನಮಗೆ ಯಕ್ಷಗಾನವೆಂದರೆ ಕಣ್ಣಿಗೆ ಮೊದಲು ಬರುವುದು ಕಿರೀಟ, ಬಣ್ಣ, ಕುಣಿತ. ಕಾಸರಗೋಡಿನ ಸದಸ್ಯರು ಹಾಗಲ್ಲ, "ಭಾಗವತರು ಯಾರು?" ಎಂದು ಕೇಳಿಯೇ ಆಟಕ್ಕೆ ಹೊರಡುತ್ತಾರೆ. ಅದಕ್ಕೆ ಕಾರಣವಿದೆ. ಅದನ್ನು ತಿಳಿದರೆ ಲೀಲಾವತಿ ಬೈಪಾಡಿತ್ತಾಯರು ಮಾಡಿದ ಕೆಲಸ ಎಷ್ಟು ದೊಡ್ಡದೆಂಬುದೂ ತಿಳಿಯುತ್ತದೆ.

ಭಾಗವತರು ಬರೀ ಹಾಡುಗಾರರಲ್ಲ. ಪ್ರಸಂಗದ ಪದ್ಯಗಳು ಅವರ ಮುಂದಿರುತ್ತವೆ, ಆದರೆ ವೇಷಧಾರಿಗಳ ಮಾತು ಎಲ್ಲಿಯೂ ಬರೆದಿರುವುದಿಲ್ಲ. ಅರ್ಥವನ್ನು ಅವರು ರಂಗದಲ್ಲೇ ಹುಟ್ಟಿಸಿ ಹೇಳಬೇಕು. ಮಾತು ಲಂಬಿಸಿದಾಗ ಮುಂದಿನ ಪದ್ಯ ಎತ್ತಿ ಕಥೆಯನ್ನು ನಡೆಸುವವರು ಭಾಗವತರು. ಕುಣಿತಕ್ಕೆ ಕಾಲ ಏರಿಸುವುದು, ಇಳಿಸುವುದು, ಚೆಂಡೆ ಮದ್ದಳೆಯವರಿಗೆ ಸೂಚನೆ ಕೊಡುವುದು, ಹೊಸ ವೇಷಧಾರಿ ತಡವರಿಸಿದರೆ ಕೈಹಿಡಿಯುವುದು ಎಲ್ಲವೂ ಅವರದೇ. ತೆಂಕುತಿಟ್ಟಿನಲ್ಲಿ ಕೈಯಲ್ಲಿ ಜಾಗಟೆ, ಪಕ್ಕದಲ್ಲೇ ಚೆಂಡೆಯ ಅಬ್ಬರ. ಅದರ ಮೇಲೆ ಸಾಹಿತ್ಯ ಕೇಳಿಸಬೇಕು. ಭಾಗವತರೇ ಮೊದಲ ವೇಷ ಎಂಬ ಮಾತು ಸುಮ್ಮನೆ ಬಂದದ್ದಲ್ಲ.

ಆ ಪೀಠದಲ್ಲಿ ಹೆಂಗಸೊಬ್ಬರು ಕೂರುವುದೆಂದರೆ ಮೇಳದ ಗಂಡಸರೆಲ್ಲ ಅವರ ಜಾಗಟೆಗೆ ಹೆಜ್ಜೆ ಹಾಕಬೇಕು ಎಂದಾಯಿತು. ಹೆಣ್ಣು ವೇಷವನ್ನೂ ಗಂಡಸರೇ ಕಟ್ಟುತ್ತಿದ್ದ ರಂಗವದು.

ಲೀಲಾವತಿಯವರು ಹುಟ್ಟಿದ್ದು 1947ರಲ್ಲಿ, ಕಾಸರಗೋಡಿನ ಮಧೂರಿನಲ್ಲಿ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗ, 1956ರಲ್ಲಿ ಕೇರಳಕ್ಕೆ ಸೇರಿತು. ತೆಂಕುತಿಟ್ಟಿನ ಹಿರಿಯ ಕವಿ ಪಾರ್ತಿಸುಬ್ಬನ ಕುಂಬಳೆಯೂ ಅಲ್ಲಿಂದ ದೂರವಿಲ್ಲ. ಆದರೆ ಯಕ್ಷಗಾನದ ನೆರೆಯಲ್ಲಿ ಹುಟ್ಟಿದ ಮಾತ್ರಕ್ಕೆ ಅವರು ಭಾಗವತರಾದದ್ದಲ್ಲ. ಅವರು ಕಲಿತಿದ್ದು ಶಾಸ್ತ್ರೀಯ ಸಂಗೀತ. ಭಾಗವತಿಕೆ ಕೈಹತ್ತಿದ್ದು ಮದುವೆಯ ನಂತರ. ಪತಿ ಹರಿನಾರಾಯಣ ಬೈಪಾಡಿತ್ತಾಯರು ಚೆಂಡೆ, ಮದ್ದಳೆ ಎರಡೂ ಬಲ್ಲ ಹಿಮ್ಮೇಳದ ಕಲಾವಿದರು. ಅವರೇ ಗುರು.

ಸಂಗೀತ ಬಂದವರಿಗೆ ಇದು ಸುಲಭವೆಂದು ಕಾಣಬಹುದು. ನಮಗೆ ಹಾಗನ್ನಿಸುವುದಿಲ್ಲ. ಕಛೇರಿಯಲ್ಲಿ ರಾಗವನ್ನು ಬಿಡಿಸುತ್ತಾ ಹೋಗಬಹುದು. ಆಟದಲ್ಲಿ ರಾಗ ಸನ್ನಿವೇಶಕ್ಕೆ ಬಗ್ಗಬೇಕು. ಯುದ್ಧದ ಪದ್ಯದಲ್ಲಿ ಆಲಾಪನೆಗೆ ಕೂತರೆ ಕುಣಿಯುವವರ ಕಾಲು ನಿಂತೀತು! ಕಲಿತದ್ದರಲ್ಲಿ ಒಂದಷ್ಟನ್ನು ಬಿಡುವುದೂ ಕಲಿಕೆಯೇ.

ಊರಿನ ತಾಳಮದ್ದಳೆಯಲ್ಲಿ ಒಂದೆರಡು ಪದ್ಯ ಹಾಡಿ ಮನೆಗೆ ಮರಳುವುದು ಬೇರೆ, ವೃತ್ತಿ ಮೇಳದ ತಿರುಗಾಟ ಬೇರೆ. ದೀಪಾವಳಿಯ ಆಸುಪಾಸಿನಿಂದ ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯವರೆಗೆ, ಇಂದು ಈ ಊರು, ನಾಳೆ ಇನ್ನೊಂದು. ರಾತ್ರಿ ನಿದ್ದೆಗೆಡಬೇಕು, ಹಗಲು ಪ್ರಯಾಣ, ಮನೆಯಲ್ಲಿ ಸಂಸಾರ. ಈ ತಿರುಗಾಟವನ್ನೇ ಅವರು ವೃತ್ತಿಯಾಗಿ ಆರಿಸಿಕೊಂಡರು. ಯಕ್ಷಗಾನದ ಮೊದಲ ವೃತ್ತಿಪರ ಮಹಿಳಾ ಭಾಗವತರೆಂದು ಅವರನ್ನು ಗುರುತಿಸುವುದು ಇದಕ್ಕಾಗಿ. ಪತ್ನಿ ಹಾಡುವಾಗ ಪತಿ ಹಿಮ್ಮೇಳದಲ್ಲಿರುತ್ತಿದ್ದುದು ದೊಡ್ಡ ಬಲವಾಗಿತ್ತು, ನಿಜ. ಆದರೆ ಬೆಳಗಿನ ಜಾವದಲ್ಲೂ ಗಂಟಲು ನಿಲ್ಲಬೇಕಾದದ್ದು ಅವರದೇ.

ಮುಂದೆ ದಂಪತಿ ಅನೇಕ ಮಕ್ಕಳಿಗೆ ಯಕ್ಷಗಾನ ಕಲಿಸಿದರು. 2023ರಲ್ಲಿ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ಬಂತು. 2024ರ ಡಿಸೆಂಬರ್ 14ರಂದು, 77ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರ ಜೀವನಕಥನ 'ಯಕ್ಷಗಾನ ಲೀಲಾವಳಿ' ಪುಸ್ತಕವಾಗಿ ಬಂದಿದೆ.

ಇಂದು ಕಾವ್ಯಶ್ರೀ ಅಜೇರು, ಭವ್ಯಶ್ರೀ ಕುಲ್ಕುಂದ ಮೊದಲಾದವರ ಹಾಡುಗಾರಿಕೆ ಕೇಳಲು ಜನ ಸೇರುತ್ತಾರೆ. ಹೆಣ್ಣುಮಗಳು ಜಾಗಟೆ ಹಿಡಿದದ್ದೇ ಈಗ ಸುದ್ದಿಯಲ್ಲ, ಪದ್ಯ ಹೇಗಿತ್ತು ಎಂಬ ಚರ್ಚೆ ನಡೆಯುತ್ತದೆ.

ನಮ್ಮ ಗಡಿ ಊರುಗಳಲ್ಲಿ ಸಂಗೀತ ಕಲಿಯುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ, ಯಕ್ಷಗಾನ ಕೇಳಿದವರು ಕಡಿಮೆ. ಮಕ್ಕಳಿರುವ ಸದಸ್ಯರು ಮುಂದಿನ ಸಲ ಆಟಕ್ಕೆ ಹೋದಾಗ ಅವರನ್ನು ಸ್ವಲ್ಪ ಹೊತ್ತು ಹಿಮ್ಮೇಳದ ಬಳಿ ಕೂರಿಸಿ. ಭಾಗವತರ ಕೈ, ಮದ್ದಳೆಯವರ ಕಣ್ಣು, ಕುಣಿಯುವವರ ಕಾಲು, ಈ ಮೂರನ್ನೂ ಒಟ್ಟಿಗೆ ನೋಡುವಂತೆ ಹೇಳಿ.