ಚಪ್ಪಾಳೆ ನಿಂತ ಮೇಲೆ ಉಳಿಯುವುದೇನು?

ಪದವಿ ಕಾಲೇಜಿನ ವೃತ್ತಿ ಮಾರ್ಗದರ್ಶನ ಕಾರ್ಯಾಗಾರದಲ್ಲಿ ಕೂತೆದ್ದವರಿಗೆ 7, 38, 55 ಎಂಬ ಮೂರು ಅಂಕಿಗಳು ಹೊಸತಲ್ಲ. ಎದುರಿಗಿರುವವರ ಮೇಲೆ ನಾವು ಬೀರುವ ಪ್ರಭಾವದಲ್ಲಿ ಆಡುವ ಮಾತಿನ ಪಾಲು ಬರೀ ಶೇ 7, ದನಿಯದು ಶೇ 38, ಹಾವಭಾವದ್ದು ಶೇ 55 ಎಂದು ಸಂಪನ್ಮೂಲ ವ್ಯಕ್ತಿಗಳು ಪರದೆಯ ಮೇಲೆ ತೋರಿಸುತ್ತಾರೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಮುಂದಿನ ಒಂದು ಗಂಟೆ ಕೈ ಕುಲುಕುವುದು ಹೇಗೆ, ಕುರ್ಚಿಯಲ್ಲಿ ಕೂರುವುದು ಹೇಗೆ ಎಂಬುದರಲ್ಲೇ ಕಳೆದುಹೋಗುತ್ತದೆ.

ಈ ಅಂಕಿಗಳ ಮೂಲ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಸಣ್ಣ ಪ್ರಯೋಗಗಳು. ಅವುಗಳಲ್ಲಿ ಯಾರೂ ಸಂದರ್ಶನ ಎದುರಿಸಿರಲಿಲ್ಲ. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖಭಾವದ ಚಿತ್ರಗಳನ್ನು ತೋರಿಸಿ, ಹೇಳಿದವರ ಮನಸ್ಸಿನಲ್ಲಿ ಇಷ್ಟವಿದೆಯೋ ಇಲ್ಲವೋ ಎಂದು ಊಹಿಸಲು ಕೇಳಲಾಗಿತ್ತು, ಅಷ್ಟೆ. ಭಾವನೆ ಮತ್ತು ಇಷ್ಟಾನಿಷ್ಟಗಳ ಮಾತಿನಾಚೆಗೆ ಈ ಲೆಕ್ಕ ಅನ್ವಯಿಸದು ಎಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ಬಿ.ಕಾಂ. ಮುಗಿಸಿ ಲೆಕ್ಕಪತ್ರ ವಿಭಾಗದ ಕೆಲಸಕ್ಕೆ ಹೋದ ಹುಡುಗಿಯನ್ನು ಸಂದರ್ಶಕರು ಜಿಎಸ್‌ಟಿಯ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಬಗ್ಗೆ ಕೇಳಿದರೆ ಅವಳನ್ನು ಕಾಯುವುದು ಸರಿಯಾದ ಉತ್ತರವೇ. ಆ ಉತ್ತರಕ್ಕೆ ನೂರರಲ್ಲಿ ಏಳರಷ್ಟೇ ಬೆಲೆ ಎಂದು ಅವಳಿಗೆ ಕಲಿಸಿ ಕಳಿಸುವುದು ಅನ್ಯಾಯ.

ಅದೇ ಪರದೆಯ ಮೇಲೆ ಬರುವ ಇನ್ನೊಂದು ಕತೆ ಯೇಲ್ ವಿಶ್ವವಿದ್ಯಾಲಯದ್ದು. 1953ರ ತಂಡದಲ್ಲಿ ಶೇ 3ರಷ್ಟು ವಿದ್ಯಾರ್ಥಿಗಳು ಮಾತ್ರ ತಮ್ಮ ಗುರಿಯನ್ನು ಬರೆದಿಟ್ಟಿದ್ದರಂತೆ. ಇಪ್ಪತ್ತು ವರ್ಷದ ಬಳಿಕ ಅವರ ಆಸ್ತಿ ಉಳಿದ ಶೇ 97 ಮಂದಿಯ ಒಟ್ಟು ಆಸ್ತಿಯನ್ನೂ ಮೀರಿತ್ತಂತೆ. ಕೆಲವರು ಇದನ್ನೇ ಹಾರ್ವರ್ಡ್‌ನ ಹೆಸರಿನಲ್ಲಿ ಹೇಳುತ್ತಾರೆ. ಫಾಸ್ಟ್ ಕಂಪನಿ ಎಂಬ ಅಮೆರಿಕದ ಪತ್ರಿಕೆ 1996ರಲ್ಲಿ ಈ ಕತೆಯ ಬೆನ್ನು ಹತ್ತಿ ಹೋದಾಗ ಅಂಥ ಅಧ್ಯಯನ ಎಲ್ಲೂ ಸಿಗಲಿಲ್ಲ. ಯೇಲ್ ಕೂಡ ಅಂಥದ್ದೊಂದು ನಡೆದ ದಾಖಲೆ ತನ್ನಲ್ಲಿಲ್ಲ ಎಂದಿತು.

ಹಾಗೆಂದು ಬರೆಯುವುದೇ ವ್ಯರ್ಥವೆಂದಲ್ಲ. ಏನನ್ನು ಬರೆಯಬೇಕು ಎಂಬಲ್ಲಿ ಎಲ್ಲ ಅಡಗಿದೆ. ದಕ್ಷಿಣ ಆಫ್ರಿಕಾದ ನಿರುದ್ಯೋಗಿ ಯುವಜನರ ನಡುವೆ ಅರ್ಥಶಾಸ್ತ್ರಜ್ಞರು ನಡೆಸಿದ, 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿತು. ಅಲ್ಲಿ ಕೆಲವರಿಂದ ಕೆಲಸ ಹುಡುಕುವ ವಿವರವಾದ ಯೋಜನೆಯನ್ನು ಬರೆಸಲಾಯಿತು. ‘ಐದು ವರ್ಷದಲ್ಲಿ ಮ್ಯಾನೇಜರ್ ಆಗುತ್ತೇನೆ’ ಎಂಬಂಥ ಗುರಿಯಲ್ಲ. ಎಷ್ಟು ಅರ್ಜಿ ಹಾಕಬೇಕು, ಎಷ್ಟು ಹೊತ್ತು ಹುಡುಕಬೇಕು, ಯಾವ ದಿನ ಯಾವ ಕೆಲಸ ಎಂಬ ಪಟ್ಟಿ. ಹೀಗೆ ಬರೆದವರು ಹುಡುಕಾಟಕ್ಕೆ ಹೆಚ್ಚು ಹೊತ್ತು ಕಳೆಯಲಿಲ್ಲ. ಆದರೂ ಅವರು ಹಾಕಿದ ಅರ್ಜಿಗಳು ಶೇ 15ರಷ್ಟು ಹೆಚ್ಚಿದವು, ಕೈಗೆ ಬಂದ ಕೆಲಸದ ಆಹ್ವಾನಗಳು ಶೇ 30ರಷ್ಟು, ಉದ್ಯೋಗ ಸಿಕ್ಕವರ ಪ್ರಮಾಣ ಶೇ 26ರಷ್ಟು ಏರಿತು. ಪರಿಚಯದವರ ಬಾಯಿಮಾತನ್ನೇ ನೆಚ್ಚಿ ಕೂರದೆ ಜಾಹೀರಾತು, ನೇರ ಅರ್ಜಿ ಹೀಗೆ ಹಲವು ದಾರಿಗಳಲ್ಲಿ ಅವರು ಹುಡುಕಿದ್ದರು. ನಮ್ಮ ತಾಲ್ಲೂಕು ಕೇಂದ್ರದ ಹುಡುಗನಿಗೆ ಇದನ್ನು ಒಗ್ಗಿಸಬೇಕೆಂದರೆ ಹಾಳೆಯಲ್ಲಿ ಹೀಗಿರಬೇಕು: ಸೋಮವಾರ ಬೆಳಿಗ್ಗೆ ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರಕ್ಕೆ ಹೋಗಿ ನೋಂದಣಿ, ಬುಧವಾರ ಸಂಜೆ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಮೂರು ಅರ್ಜಿ, ಶನಿವಾರ ಕಳೆದ ವರ್ಷ ಕೆಲಸಕ್ಕೆ ಸೇರಿದ ಇಬ್ಬರು ಹಿರಿಯ ವಿದ್ಯಾರ್ಥಿಗಳಿಗೆ ಫೋನು.

‘ಸಭಾಂಗಣ ತುಂಬಿದರೆ ಕಾರ್ಯಾಗಾರ ಗೆದ್ದಂತೆ’ ಎಂಬ ನಂಬಿಕೆಗೆ ಸಂಘಟಕರನ್ನಷ್ಟೇ ದೂರಲಾಗದು. ವೃತ್ತಿ ಮಾರ್ಗದರ್ಶನದ ಪ್ರಯೋಜನ ಪಡೆದ ವಿದ್ಯಾರ್ಥಿಗಳು ಎಷ್ಟು ಎಂಬುದನ್ನು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನವೂ ಕೇಳುತ್ತದೆ. ಹಾಜರಿ ಪಟ್ಟಿ, ಫೋಟೊ, ವರದಿ ಎಲ್ಲವೂ ಬೇಕು. ಆದರೆ ಐನೂರು ಜನ ಒಟ್ಟಿಗೆ ಕೂತು ಕೇಳುವುದು ಉಪನ್ಯಾಸವೇ ಹೊರತು ಕಾರ್ಯಾಗಾರವಲ್ಲ. ಆ ಹೆಸರಿನಲ್ಲೇ ‘ಕಾರ್ಯ’ ಇದೆ; ಅಲ್ಲಿ ವಿದ್ಯಾರ್ಥಿಯ ಕೈ ಕೆಲಸ ಮಾಡಬೇಕು.

ವೃತ್ತಿ ಮಾರ್ಗದರ್ಶನದ ಬಗ್ಗೆ ನಡೆದ ಹತ್ತಾರು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಸ್ಟೀವನ್ ಬ್ರೌನ್ ಮತ್ತು ನ್ಯಾನ್ಸಿ ರಯಾನ್ ಕ್ರೇನ್ 2000ದಲ್ಲಿ ಐದು ಅಂಶಗಳನ್ನು ಗುರುತಿಸಿದರು. ವಿದ್ಯಾರ್ಥಿ ತನ್ನ ಯೋಜನೆಯನ್ನು ಬರೆಯಬೇಕು. ಅದನ್ನು ಯಾರಾದರೂ ಓದಿ ಅವರವರಿಗೆ ತಕ್ಕಂತೆ ತಿದ್ದಿ ಹೇಳಬೇಕು. ಉದ್ಯೋಗಗಳ ಬಗ್ಗೆ ನಿಖರ ಮಾಹಿತಿ ಸಿಗಬೇಕು. ಆ ದಾರಿಯಲ್ಲಿ ನಡೆದವರನ್ನು ಎದುರಿಗೆ ಕಾಣಬೇಕು. ಐದನೆಯದು, ಸುತ್ತಲಿನವರ ಬೆಂಬಲ. ನಮ್ಮಲ್ಲಿ ಹೆಚ್ಚು ಮರೆತುಹೋಗುವುದು ಈ ಕೊನೆಯದೇ. ಬೆಂಗಳೂರಿನ ಕೆಲಸಕ್ಕೆ ಆಯ್ಕೆಯಾದ ಹುಡುಗಿಯ ದಾರಿಗೆ ಅಡ್ಡ ಬರುವುದು ಸಂದರ್ಶನವಲ್ಲ, ‘ಅಲ್ಲಿ ಎಲ್ಲಿ ಇರ್ತೀಯ?’ ಎಂಬ ಮನೆಯವರ ಪ್ರಶ್ನೆ. ಅಪ್ಪ ಅಮ್ಮನನ್ನು ಅರ್ಧ ದಿನ ಕರೆಸಿ, ಈಗಾಗಲೇ ಅಲ್ಲಿ ದುಡಿಯುತ್ತಿರುವ ಅದೇ ಊರಿನ ಹುಡುಗಿಯಿಂದ ಪಿ.ಜಿ.ಯ ಬಾಡಿಗೆ, ಊಟ, ಕಂಪನಿಯ ಬಸ್ಸಿನ ವಿಚಾರ ಹೇಳಿಸಿದರೆ ಹತ್ತು ಸ್ಫೂರ್ತಿ ಭಾಷಣಗಳಿಗಿಂತ ಹೆಚ್ಚಿನ ಕೆಲಸವಾಗುತ್ತದೆ.

ಕಾರ್ಯಕ್ರಮದ ಕೊನೆಗೆ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರವೂ ಅಳತೆಗೋಲಾಗದು; ನಿಜವಾದ ಪರಿಣಾಮ ಕಾಣಲು ಕಾಲ ಬೇಕು. ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಒಂದು ಗುಂಪಿನ ಯುವಜನರಿಗೆ ಕಾರ್ಯಾಗಾರದಲ್ಲಿ ಅರ್ಜಿ ಮತ್ತು ಸಂದರ್ಶನದ ತರಬೇತಿ ಕೊಟ್ಟು, ಅವರ ಕೌಶಲಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಲಾಯಿತು. ಇನ್ನೊಂದು ಗುಂಪಿಗೆ ಕೆಲಸ ಹುಡುಕಲು ಬಸ್ಸಿನ ಖರ್ಚು ಕೊಟ್ಟರು. ಮೊದಮೊದಲು ಎರಡೂ ಗುಂಪಿನವರಿಗೆ ಲಾಭವಾಯಿತು. ನಾಲ್ಕು ವರ್ಷ ಕಳೆದು ನೋಡಿದಾಗ ಬಸ್ ಖರ್ಚಿನ ಪರಿಣಾಮ ಅಳಿಸಿಹೋಗಿತ್ತು, ಕಾರ್ಯಾಗಾರಕ್ಕೆ ಬಂದವರ ಗಳಿಕೆ ಮಾತ್ರ ಗಮನಾರ್ಹವಾಗಿ ಹೆಚ್ಚಿತ್ತು. ಆ ಪ್ರಮಾಣಪತ್ರ ‘ಭಾಗವಹಿಸಿದ್ದಾರೆ’ ಎಂದು ಹೇಳುವಂಥದ್ದಲ್ಲ, ಪರೀಕ್ಷೆಯ ಫಲಿತಾಂಶ ತಿಳಿಸುವಂಥದ್ದು. ಉದ್ಯೋಗದಾತರಿಗೆ ಅದರಿಂದ ಹೊಸ ವಿಷಯ ಗೊತ್ತಾಗುತ್ತಿತ್ತು.

ಬೆರಳಚ್ಚು ನೋಡಿ ಮಗು ಎಂಜಿನಿಯರ್ ಆಗಬೇಕೋ ಕಲಾವಿದನಾಗಬೇಕೋ ಹೇಳುತ್ತೇವೆ ಎಂಬ ಡಿಎಂಐಟಿ ಪರೀಕ್ಷೆಗಳು ಕೆಲವು ಕಾರ್ಯಾಗಾರಗಳ ಬಾಗಿಲಲ್ಲೂ ಕಾಣುತ್ತವೆ. ಬೆರಳಿನ ಗೆರೆಗಳು ತಾಯಿಯ ಗರ್ಭದಲ್ಲೇ ಮೂಡಿ ಮುಗಿಯುತ್ತವೆ. ಅವಕ್ಕೂ ಮುಂದಿನ ಆಸಕ್ತಿ, ಅಭ್ಯಾಸಗಳಿಗೂ ಸಂಬಂಧವಿಲ್ಲ. ಈ ಪರೀಕ್ಷೆಗಳಿಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ಕಾಲೇಜಿನ ಆವರಣದೊಳಗೆ ಇವನ್ನು ನಡೆಸುವವರನ್ನು ಬಿಡಬಾರದು.

‘ವಶೀಲಿ ಇಲ್ಲದೆ ಕೆಲಸ ಸಿಗೋಲ್ಲ’ ಎಂಬ ಮಾತು ಬೇರೆ ಬಗೆಯದು. ಅದರಲ್ಲಿ ನೋವಿದೆ, ಅನುಭವವೂ ಇದೆ. ಆದರೆ ವಶೀಲಿ ಬೇರೆ, ಪರಿಚಯ ಬೇರೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ತಮ್ಮ ಲೇಖನದಲ್ಲಿ, ಅಮೆರಿಕದ ನ್ಯೂಟನ್ ನಗರದಲ್ಲಿ ಪರಿಚಯದ ಮೂಲಕ ಕೆಲಸ ಕಂಡುಕೊಂಡವರ ಲೆಕ್ಕ ಕೊಟ್ಟರು. ಅವರಲ್ಲಿ ಶೇ 16.7 ಮಂದಿ ಮಾತ್ರ ಆ ಪರಿಚಿತರನ್ನು ಆಗಾಗ ಭೇಟಿಯಾಗುತ್ತಿದ್ದರು. ಉಳಿದವರಿಗೆ ಸುದ್ದಿ ಕೊಟ್ಟವರು ಯಾವಾಗಲಾದರೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವ ಹಳೆಯ ಸಹಪಾಠಿ, ಹಿಂದಿನ ಸಹೋದ್ಯೋಗಿಯಂಥವರು. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ನಡುವೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗಗಳ ಫಲಿತಾಂಶವೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಕಾರಣ ಸರಳ: ಹತ್ತಿರದ ಗೆಳೆಯನಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ದೂರದಿಂದ ಬರಬೇಕು. ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದಿದ ಹುಡುಗನಿಗೆ ಅಂಥ ದೂರದ ಪರಿಚಯಗಳೇ ಇರುವುದಿಲ್ಲ. ಹಳೆಯ ವಿದ್ಯಾರ್ಥಿಗಳ ಫೋನ್ ನಂಬರುಗಳನ್ನು, ಅವರ ಒಪ್ಪಿಗೆ ಪಡೆದು, ಅವನ ಕೈಗಿಡುವುದು ಕಾಲೇಜಿನಿಂದ ಮಾತ್ರ ಆಗುವ ಕೆಲಸ.

ಇಡೀ ಕಾರ್ಯಾಗಾರ ಇಂಗ್ಲಿಷಿನಲ್ಲೇ ನಡೆಯಬೇಕೆಂಬ ಹಟವನ್ನೂ ಬಿಡಬೇಕಿದೆ. ಸಂದರ್ಶನ ಇಂಗ್ಲಿಷಿನಲ್ಲಿದ್ದರೆ ಅಣಕು ಸಂದರ್ಶನವೂ ಇಂಗ್ಲಿಷಿನಲ್ಲಿರಲಿ. ಆದರೆ ತನಗೇನು ಬೇಕು, ಏನು ಬರುತ್ತದೆ, ಮನೆಯ ಪರಿಸ್ಥಿತಿ ಏನು ಎಂಬುದನ್ನು ಹುಡುಗಿಯೊಬ್ಬಳು ತನ್ನ ಮಾತಿನಲ್ಲೇ ಬಿಚ್ಚಿಡಬಲ್ಲಳು. ಗ್ರಾಮೀಣ ಬ್ಯಾಂಕುಗಳ, ಸಿಬ್ಬಂದಿ ನೇಮಕಾತಿ ಆಯೋಗದ ಎಂಟಿಎಸ್ (ಮಲ್ಟಿ ಟಾಸ್ಕಿಂಗ್ ಸ್ಟಾಫ್) ಹುದ್ದೆಗಳ ಪರೀಕ್ಷೆಗಳನ್ನೇ ಈಗ ಕನ್ನಡದಲ್ಲಿ ಬರೆಯಬಹುದು. ಈ ವಿಷಯವನ್ನು ಪ್ರತಿ ಕಾರ್ಯಾಗಾರದಲ್ಲೂ ಮೊದಲು ಹೇಳಬೇಕು.

ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಜವಾಬ್ದಾರಿಯನ್ನು ಪಾಠದ ಜೊತೆಗೇ ಹೊತ್ತಿರುವ ಅಧ್ಯಾಪಕರಲ್ಲಿ ಒಂದು ವಿನಂತಿ. ಮುಂದಿನ ಕಾರ್ಯಾಗಾರದಲ್ಲಿ ಒಂದು ಭಾಷಣ ಕಡಿಮೆ ಮಾಡಿ. ವಂದನಾರ್ಪಣೆಗೆ ಮುನ್ನ ಮುಕ್ಕಾಲು ಗಂಟೆ ಉಳಿಸಿಕೊಂಡು, ಆರೆಂಟು ಮಂದಿಯ ಗುಂಪು ಮಾಡಿ, ಬರುವ ಮೂರು ವಾರಗಳಲ್ಲಿ ಯಾವ ದಿನ ಏನು ಮಾಡುತ್ತೇವೆ ಎಂದು ಬರೆಸಿ. ಮೂರು ವಾರದ ನಂತರ ಅದೇ ಗುಂಪುಗಳು ಮತ್ತೆ ಸೇರುವ ತಾರೀಖನ್ನು ಅಂದೇ ಬೋರ್ಡಿನ ಮೇಲೆ ಬರೆಯಿರಿ.