ಚಿಮಟದ ತುದಿಯಲ್ಲಿ ಹೈಬ್ರಿಡ್ ಟೊಮೆಟೊ

ಹೈಬ್ರಿಡ್ ಟೊಮೆಟೊ ಅಂದರೆ ಪ್ರಯೋಗಾಲಯದಲ್ಲಿ ಜೀನು ತಿದ್ದಿದ ಹಣ್ಣು ಎಂದು ನಂಬಿರುವವರು ಇವತ್ತಿಗೂ ಬಹಳ ಮಂದಿ. ಇದು ತಪ್ಪು. ಭಾರತದಲ್ಲಿ ಕುಲಾಂತರಿ ಟೊಮೆಟೊ ಬೆಳೆಯುವುದಕ್ಕೆ ಅನುಮತಿಯೇ ಇಲ್ಲ. ಹೈಬ್ರಿಡ್ ಬೀಜ ಹುಟ್ಟುವುದು ಹೊಲದಲ್ಲಿ, ಹೂವಿನಲ್ಲಿ, ಅದೂ ಕೈಯಿಂದ.

ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆಯ ನೆಟ್‌ಹೌಸ್‌ಗಳಲ್ಲಿ ಈ ಕೆಲಸಕ್ಕೆ 'ಕ್ರಾಸಿಂಗ್' ಎನ್ನುತ್ತಾರೆ. ಮಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಟೊಮೆಟೊ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗಗಳಿವೆ. ಗಂಡು ಭಾಗವಾದ ಕೇಸರಗಳು ಹಳದಿ ಕೊಳವೆಯಂತೆ ಕೂಡಿಕೊಂಡು ಹೆಣ್ಣು ಭಾಗವಾದ ಶಲಾಕೆಯನ್ನು ಮುಚ್ಚಿರುತ್ತವೆ. ಸುಮ್ಮನೆ ಬಿಟ್ಟರೆ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಹಾಗಾಗಿ ನಾಳೆ ಅರಳಲಿರುವ ಮೊಗ್ಗನ್ನು ಇಂದೇ ಬಿಡಿಸಿ, ಆ ಕೊಳವೆಯನ್ನು ಚಿಮಟದಿಂದ ಮೆಲ್ಲಗೆ ಕಿತ್ತು ತೆಗೆಯಬೇಕು. ಶಲಾಕೆಗೆ ಪೆಟ್ಟಾದರೆ ಆ ಹೂವು ಹೋದಂತೆಯೇ. ಮರುದಿನ ಬೆಳಿಗ್ಗೆ ಗಂಡು ತಳಿಯ ಪರಾಗವನ್ನು ಶಲಾಕೆಯ ತುದಿಗೆ ಮುಟ್ಟಿಸಿ, ಗುರುತಿಗಾಗಿ ಹೂವಿನ ಬುಡದ ಒಂದೆರಡು ಹಸಿರು ಎಸಳು ಕತ್ತರಿಸುತ್ತಾರೆ. ಬೀಜದ ಪೊಟ್ಟಣ ದುಬಾರಿ ಎಂದು ಗೊಣಗುವ ಮುನ್ನ ಈ ಕೈಗಳನ್ನು ನೆನೆಯಬೇಕು.

ಇಷ್ಟೆಲ್ಲ ಶ್ರಮ ಯಾತಕ್ಕೆ? ಮುಖ್ಯವಾಗಿ ರೋಗ ತಡೆಯುವುದಕ್ಕಾಗಿ. ಎಲೆ ಮುರುಟಿ ಗಿಡ ಗಿಡ್ಡವಾದರೆ ದೃಷ್ಟಿ ತಾಗಿತೆಂದು ಹೊಲಕ್ಕೆ ಬೊಂಬೆ ಕಟ್ಟುವವರಿದ್ದಾರೆ. ರೋಗ ತರುವುದು ವೈರಸ್, ಅದನ್ನು ಗಿಡದಿಂದ ಗಿಡಕ್ಕೆ ಹೊರುವುದು ಬಿಳಿನೊಣ. ಬೊಂಬೆ ಕಟ್ಟಿ ಕಾಯುವಷ್ಟರಲ್ಲಿ ಪಕ್ಕದ ಸಾಲಿಗೂ ರೋಗ ದಾಟಿರುತ್ತದೆ.

ನಿರೋಧಕ ಶಕ್ತಿ ಸಿಕ್ಕಿದ್ದು ಯಾರೂ ತಿನ್ನದ ಗಿಡಗಳಲ್ಲಿ. ಪೆರು, ಈಕ್ವೆಡಾರ್‌ಗಳ ಬೆಟ್ಟದಲ್ಲಿ ಬೆಳೆಯುವ ಕಾಡು ಟೊಮೆಟೊ ಸೊಲಾನಮ್ ಹ್ಯಾಬ್ರೊಕೈಟಿಸ್‌ನ ಮೈಯೆಲ್ಲ ರೋಮ, ಹಣ್ಣಾದರೂ ಕಾಯಿ ಹಸಿರೇ. ಎಲೆ ಮುರುಟು ರೋಗ ತಡೆಯುವ ಟಿವೈ-2 ಜೀನು ಬಂದದ್ದು ಈ ಕಾಡುಗಿಡದಿಂದ. ಆದರೆ ಒಳ್ಳೆಯ ಗುಣದ ಬೆನ್ನಿಗೇ ಕೆಟ್ಟ ಗುಣಗಳೂ ಬರುತ್ತವೆ. ಮಿಶ್ರ ಗಿಡವನ್ನು ತಲೆಮಾರುಗಟ್ಟಲೆ ಊರಿನ ಟೊಮೆಟೊ ಜೊತೆಗೇ ಮತ್ತೆ ಮತ್ತೆ ಕೂಡಿಸಿ, ಬೇಡದ್ದನ್ನೆಲ್ಲ ಸೋಸಬೇಕು. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ಹೈಬ್ರಿಡ್ ಎಲೆ ಮುರುಟು, ದುಂಡಾಣು ಸೊರಗು, ಮೊದಲ ಅಂಗಮಾರಿ ಮೂರನ್ನೂ ತಡೆಯುತ್ತದೆ. ಹಣ್ಣೂ 90ರಿಂದ 100 ಗ್ರಾಂ ತೂಗುವ, ಗಟ್ಟಿಯಾದ ಕಡುಗೆಂಪು. ನಂತರ ಬಂದ 'ಅರ್ಕಾ ಅಭೇದ್' ಕೊನೆಯ ಅಂಗಮಾರಿಯನ್ನೂ ತಡೆಯುತ್ತದೆ.

ಹೈಬ್ರಿಡ್ ಲೋಕದ ನಿಜವಾದ ಬೆರಗು ಮಾತ್ರ 'ರಿನ್' ಎಂಬ ಜೀನು ರೂಪಾಂತರ. ಅದರ ಎರಡೂ ಪ್ರತಿ ಇರುವ ಗಿಡದ ಕಾಯಿ ಕೆಂಪಗೆ ಹಣ್ಣಾಗುವುದೇ ಇಲ್ಲ. ತಿನ್ನಲು ಬಾರದ ಇದನ್ನೇ ಒಳ್ಳೆಯ ತಳಿಯೊಂದಕ್ಕೆ ಕೂಡಿಸಿ ನೋಡಿ: ಮಗುವಿಗೆ ರಿನ್‌ನ ಒಂದೇ ಪ್ರತಿ ಸಿಗುತ್ತದೆ, ಹಣ್ಣು ಕೆಂಪಾಗುತ್ತದೆ, ಆದರೆ ನಿಧಾನವಾಗಿ, ದೂರದ ಮಂಡಿಗೆ ಲಾರಿಯಲ್ಲಿ ಹೋದರೂ ಮೆತ್ತಗಾಗುವುದಿಲ್ಲ. ಇದಕ್ಕೆ ತೆರುವ ಬೆಲೆ ಪರಿಮಳ, ರುಚಿ. ಸಾರು ಮಾಡಲು ಹುಳಿ ನಾಟಿ ಟೊಮೆಟೊವೇ ಬೇಕೆನ್ನುವ ಅಡುಗೆಮನೆಗಳ ತಕರಾರು ನ್ಯಾಯವಾದದ್ದೇ. ತಳಿ ಕಟ್ಟುವವರು ಅದನ್ನು ರೋಗದಷ್ಟೇ ಗಂಭೀರವಾಗಿ ಎಣಿಸಬೇಕು.

ಇಂಥ ರಿನ್ ಹೈಬ್ರಿಡ್ ಹಣ್ಣಿನ ಬೀಜ ತೆಗೆದು ಮತ್ತೆ ಬಿತ್ತಿದರೆ ಅಪ್ಪ-ಅಮ್ಮನ ಗುಣಗಳು ಬೇರೆ ಬೇರೆಯಾಗಿ ಹಂಚಿಹೋಗುತ್ತವೆ. ಸರಾಸರಿ ನಾಲ್ಕರಲ್ಲಿ ಒಂದು ಗಿಡಕ್ಕೆ ರಿನ್‌ನ ಎರಡೂ ಪ್ರತಿ ಬಂದು, ಅದರ ಕಾಯಿ ಹಳದಿಗೇ ನಿಲ್ಲುತ್ತದೆ.